ತೋಟದ ಅತಿಥಿ ರಾಜಹಕ್ಕಿ

ಮಳೆಗಾಲ ಮುಗಿದು ಅಡಿಕೆ ಕೊಯ್ಲಿಗೆ ಸಿದ್ಧತೆ ನಡೆಯುವ ಹೊತ್ತಿಗೆ ರಾಜಹಕ್ಕಿ ನಮ್ಮ ತೋಟಗಳಿಗೆ ಬರುತ್ತದೆ. ಬಲಿತ ಗಂಡಿನದು ಬಿಳಿ ಮೈ, ಕಪ್ಪು ಜುಟ್ಟು, ಮೈಗಿಂತ ಉದ್ದನೆಯ ಎರಡು ಬಾಲದ ಗರಿ. ಹೆಣ್ಣಿನ ಬೆನ್ನು ಕೆಂಗಂದು, ಬಾಲ ಗಿಡ್ಡ. ಎಳೆಯ ಗಂಡೂ ಹಾಗೆಯೇ. ಆದ್ದರಿಂದ ಇವು ಬೇರೆ ಬೇರೆ ಜಾತಿಯೆಂದು ತಿಳಿಯುವವರುಂಟು. ನೆರಳಲ್ಲಿ ಕುಳಿತು, ಹಾರುವ ಹುಳುಗಳನ್ನು ಗಾಳಿಯಲ್ಲೇ ಹಿಡಿಯುತ್ತದೆ, ಫಸಲು ಮುಟ್ಟುವುದಿಲ್ಲ. ಹಳ್ಳದ ನೀರಿಗೆ ಧುಮುಕಿ ಮೀಯುತ್ತದೆ. ವಲಸೆ ಬಂದವು ಬೇಸಿಗೆಗೆ ಉತ್ತರಕ್ಕೆ ಮರಳಿ, ಜೇಡರಬಲೆಯಿಂದ ಬಿಗಿದ ಬಟ್ಟಲಿನಂಥ ಗೂಡು ಕಟ್ಟುತ್ತವೆ. ಕಾವಿಗೆ ಗಂಡೂ ಕೂರುತ್ತದೆ.

1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಜನರಿಗೂ ಜ್ವರ ತಗಲಿತು. ಅದರ ವೈರಾಣು ರಷ್ಯಾದ ಉಣುಗು ಜ್ವರದ್ದನ್ನು ಹೋಲುತ್ತಿದ್ದುದರಿಂದ, ವಲಸೆ ಹಕ್ಕಿಗಳೇ ತಂದವೆಂಬ ಶಂಕೆ ಹುಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಲೀಂ ಅಲಿಯವರ ತಂಡ ಸಾವಿರಾರು ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಪರಿಶೀಲಿಸಿತು. ಶಂಕೆ ರುಜುವಾತಾಗಲಿಲ್ಲ. ರೋಗ ಹರಡುವುದು ನಮ್ಮ ಕಾಡಿನದೇ ಉಣುಗು.

ಹಕ್ಕಿ ಬರುವ ಚಳಿಗಾಲದಲ್ಲೇ ಮಂಗನ ಕಾಯಿಲೆಯೂ ತಲೆಯೆತ್ತುತ್ತದೆ. ಅದು ಹಕ್ಕಿಯ ತಪ್ಪಲ್ಲ. ಸದಸ್ಯರು ನೋಡಬೇಕಾದ್ದು ನೆಲವನ್ನು. ಸೊಪ್ಪಿನಬೆಟ್ಟಕ್ಕೆ ದರಕು ತರಲು ಹೋಗುವವರು ಮೈತುಂಬ ಬಟ್ಟೆ ತೊಡಲಿ, ಬಂದೊಡನೆ ಬಿಸಿನೀರಲ್ಲಿ ಮೀಯಲಿ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿರಿ.