ದಿಂಬಂ ಇಳಿಯುವಾಗ ಗೇರಿನ ವಿಚಾರ

ತಾಳವಾಡಿ ಸೀಮೆಯವರಿಗೆ ಸತ್ಯಮಂಗಲಕ್ಕೆ ಹೋಗುವುದೆಂದರೆ ದಿಂಬಂ ಘಟ್ಟವನ್ನು ಇಳಿಯುವುದೆಂದೇ ಅರ್ಥ. ಚಾಮರಾಜನಗರ ನಮಗೆ ಹತ್ತಿರ, ಆ ದಾರಿಯಲ್ಲಿ ಘಟ್ಟವೂ ಇಲ್ಲ. ಆದರೆ ಕಚೇರಿಯ ಕಾಗದಪತ್ರಗಳು ಹೋಗಬೇಕಾದದ್ದು ಈರೋಡಿನ ಕಡೆಗೆ. ಹಾಸನೂರನ್ನು ದಾಟಿ ದಿಂಬಂ ನೆತ್ತಿಗೆ ಬಂದರೆ ಅಲ್ಲಿಂದ ಬಣ್ಣಾರಿಯವರೆಗೆ 27 ಹೇರ್‌ಪಿನ್ ತಿರುವುಗಳು. ಮೂರು ದಶಕಗಳಿಂದ ಈ ತಿರುವುಗಳನ್ನು ಇಳಿದು ಹತ್ತಿದ ಅನುಭವದ ಮೇಲೆ, ಇತ್ತೀಚೆಗೆ ನಮ್ಮ ಶಾಲೆಯ ಜಗಲಿಯಲ್ಲಿ ನಡೆದ ಒಂದು ವಾದವನ್ನು ವಾಚಕರ ಮುಂದಿಡಬಯಸುತ್ತೇವೆ.

ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಹೊಸ ಮೋಟಾರ್ ಸೈಕಲ್ಲು ಕೊಂಡು ತೋರಿಸಲು ಬಂದಿದ್ದ. ಮಾತಿನ ನಡುವೆ, ಘಟ್ಟ ಇಳಿಯುವಾಗ ಎಂಜಿನ್ನನ್ನು ನಿಲ್ಲಿಸಿ ನ್ಯೂಟ್ರಲ್ಲಿನಲ್ಲಿ ಬಿಟ್ಟು ಬಂದೆನೆಂದು ಹೆಮ್ಮೆಯಿಂದ ಹೇಳಿದ. ಗೇರು ಇಳಿಸಿಕೊಂಡು ಬರಬಾರದೇ ಎಂದು ಕೇಳಿದೆವು. "ಗೇರ್ ಯಾಕೆ ಮೇಷ್ಟ್ರೇ? ಬ್ರೇಕ್ ಇರೋದ್ಯಾಕೆ ಮತ್ತೆ? ಬ್ರೇಕ್ ಶೂ ಸವೆದ್ರೆ ಹೊಸದು ಹಾಕ್ಸಬಹುದು. ಎಂಜಿನ್ ಹೋದ್ರೆ ಯಾರು ಕೊಡ್ತಾರೆ? ಇಳಿಜಾರಲ್ಲಿ ಎಂಜಿನ್‌ಗೆ ಹೊರೆ ಹಾಕ್ಬೇಡ ಅಂತ ನಮ್ಮಪ್ಪಾನೂ ಹೇಳವ್ರೆ" ಎಂದ.

ಹುಡುಗನ ಮಾತನ್ನು ಉಡಾಫೆಯೆಂದು ತಳ್ಳಿಹಾಕುವಂತಿರಲಿಲ್ಲ. ಬ್ರೇಕ್ ಶೂ ಅಗ್ಗ, ಎಂಜಿನ್ನು ದುಬಾರಿ ಎಂಬುದು ನಿಜವೇ. ಅವನ ತಂದೆಯ ಉಪದೇಶಕ್ಕೂ ಒಂದು ಕಾಲದಲ್ಲಿ ಆಧಾರವಿತ್ತು. ಅದನ್ನು ಆಮೇಲೆ ಹೇಳುತ್ತೇವೆ. ಮೊದಲು ಎಂಜಿನ್ನು ಗಾಡಿಯನ್ನು ಹೇಗೆ ಹಿಡಿದು ನಿಲ್ಲಿಸುತ್ತದೆ ಎಂಬುದನ್ನು ನೋಡೋಣ.

ಸಿರಿಂಜಿನ ಬಾಯನ್ನು ಬೆರಳಿನಿಂದ ಮುಚ್ಚಿ ಹಿಡಿಯನ್ನು ಹಿಂದಕ್ಕೆ ಎಳೆದರೆ ಅದು ಸುಲಭವಾಗಿ ಬರುವುದಿಲ್ಲ. ಆಕ್ಸಿಲರೇಟರನ್ನು ಪೂರ್ತಿ ಬಿಟ್ಟಾಗ ಎಂಜಿನ್ನಿನ ಗಾಳಿಯ ದಾರಿಯೂ ಬಹುತೇಕ ಮುಚ್ಚಿರುತ್ತದೆ. ಆಗ ಚಕ್ರವೇ ಎಂಜಿನ್ನನ್ನು ತಿರುಗಿಸಬೇಕಾಗಿ ಬಂದು, ಪಿಸ್ಟನ್ನು ಗಾಳಿಯನ್ನು ಎಳೆಯಲಾರದೆ ಎಳೆಯುತ್ತ ಚಕ್ರದ ಓಟವನ್ನು ತಡೆಯುತ್ತದೆ. ಎಂಜಿನ್ನಿನೊಳಗಿನ ಘರ್ಷಣೆಯೂ ಇದರ ಜೊತೆಗೆ ಸೇರುತ್ತದೆ. ಗೇರು ಚಿಕ್ಕದಾದಷ್ಟೂ ಚಕ್ರದ ಒಂದು ಸುತ್ತಿಗೆ ಎಂಜಿನ್ನು ಹೆಚ್ಚು ಸುತ್ತು ತಿರುಗಬೇಕಾಗುವುದರಿಂದ ತಡೆಯೂ ಹೆಚ್ಚುತ್ತದೆ. ಕ್ಲಚ್ಚನ್ನು ಹಿಡಿದೇ ಇಳಿದರೆ ಈ ಕೊಂಡಿ ಕಳಚುತ್ತದೆ. ಗೇರು ಯಾವುದರಲ್ಲಿದ್ದರೂ ಅದು ನ್ಯೂಟ್ರಲ್ಲಿಗೆ ಸಮ. ಅನೇಕ ಹುಡುಗರಿಗೆ ಇದು ತಿಳಿಯದು.

ಹೀಗೆ ಎಂಜಿನ್ನು ವಹಿಸಿಕೊಳ್ಳದ ಭಾರವೆಲ್ಲ ಬ್ರೇಕಿನ ಪಾಲಿಗೆ ಬರುತ್ತದೆ. ಅದೆಷ್ಟು ಎಂಬುದನ್ನು ಒಂಬತ್ತನೆಯ ತರಗತಿಯ ಮಕ್ಕಳಿಂದ ಲೆಕ್ಕ ಮಾಡಿಸಿದೆವು. ಗಾಡಿ ಮತ್ತು ಇಬ್ಬರು ಸವಾರರು ಸೇರಿ 250 ಕಿಲೋಗ್ರಾಂ ಎಂದಿಟ್ಟುಕೊಂಡರೆ, ಎತ್ತರದಲ್ಲಿ 100 ಮೀಟರ್ ಇಳಿಯುವಷ್ಟರಲ್ಲಿ 2,45,000 ಜೂಲ್ ಶಕ್ತಿ ಹೊರಬೀಳುತ್ತದೆ. ವೇಗ ಏರದಂತೆ ಇಳಿಯಬೇಕಾದರೆ ಇದು ಎಲ್ಲಾದರೂ ಶಾಖವಾಗಿ ಹೋಗಲೇಬೇಕು. ಮುಕ್ಕಾಲು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಅಷ್ಟು ಶಾಖ ಸಾಕು. ಒಂದು ಭಾಗವನ್ನು ಗಾಳಿ ತೆಗೆದುಕೊಳ್ಳುತ್ತದೆ, ನಿಜ. ಆದರೆ ನಿಧಾನವಾಗಿ ಇಳಿಯುವಾಗ ಗಾಳಿಯ ಪಾಲು ಅಲ್ಪ. ಘಟ್ಟದ ಇಳಿತವೋ ನೂರು ಮೀಟರಿಗೆ ಮುಗಿಯುವಂಥದಲ್ಲ. ಅಂಗೈಯಗಲದ ಡ್ರಮ್ಮಿನೊಳಗೆ ಇಷ್ಟು ಶಾಖ ಸೇರುತ್ತ ಹೋದರೆ ಬ್ರೇಕ್ ಶೂಗಳ ಹಿಡಿತ ಕುಗ್ಗುತ್ತದೆ. ಡಿಸ್ಕ್ ಬ್ರೇಕು ಬೇಗ ತಣಿಯುತ್ತದೆಯಾದರೂ ಅದರ ದ್ರವ ಹಳೆಯದಾಗಿ ತೇವ ಹೀರಿಕೊಂಡಿದ್ದರೆ ಅತಿಯಾದ ಶಾಖಕ್ಕೆ ಕುದಿದು, ಕೈಯಲ್ಲಿ ಹಿಡಿದ ಬ್ರೇಕು ಮೆತ್ತಗಾಗಿಬಿಡುತ್ತದೆ.

ಇದನ್ನು ನಾವು ಪುಸ್ತಕದಿಂದ ಕಲಿತದ್ದಲ್ಲ. 1990ರ ದಶಕದಲ್ಲಿ, ಕೆಲಸಕ್ಕೆ ಸೇರಿದ ಹೊಸತರಲ್ಲಿ, ನಮ್ಮ ಬಳಿ ಮೈಸೂರಿನಲ್ಲಿ ತಯಾರಾದ ಹಳೆಯ ಯೆಜ್ಡಿ ಒಂದಿತ್ತು. ಕಿಕ್ಕಿಗೂ ಗೇರಿಗೂ ಒಂದೇ ಸನ್ನೆ ಇದ್ದ ಆ ಗಾಡಿಯನ್ನು ಕಂಡರೆ ಮಕ್ಕಳಿಗೆಲ್ಲ ಸೋಜಿಗ. ಅದನ್ನು ತಯಾರಿಸುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆಗ ತಾಳವಾಡಿ ಸತ್ಯಮಂಗಲ ತಾಲ್ಲೂಕಿಗೆ ಸೇರಿತ್ತು. ಒಂದು ದಿನ ಸಂಬಳದ ಕಾಗದಗಳನ್ನು ತಲುಪಿಸಲೆಂದು ಹಿರಿಯ ಸಹೋದ್ಯೋಗಿಯೊಬ್ಬರನ್ನು ಹಿಂದೆ ಕೂರಿಸಿಕೊಂಡು ಹೊರಟೆವು. ಪೆಟ್ರೋಲು ಉಳಿಸುವ ಆಸೆಯಿಂದ ದಿಂಬಂನಲ್ಲಿಯೇ ನ್ಯೂಟ್ರಲ್ ಮಾಡಿದೆವು. ಏಳೆಂಟು ತಿರುವುಗಳು ಹಾಯಾಗಿ ಕಳೆದವು. ಆಮೇಲೆ ಸುಟ್ಟ ವಾಸನೆ ಬರತೊಡಗಿತು. ಎದುರಿಗೆ ಹೋದ ಲಾರಿಯದಿರಬೇಕೆಂದುಕೊಂಡೆವು. ಮುಂದಿನ ತಿರುವಿನಲ್ಲಿ ಪೆಡಲನ್ನು ಎಷ್ಟು ತುಳಿದರೂ ಗಾಡಿ ನಿಲ್ಲದು, ಮುಂದಿನ ಬ್ರೇಕೂ ಹಿಡಿಯದು. ಗಾಬರಿಯಲ್ಲಿ ಗೇರು ಹುಡುಕಿದರೆ ಅದೂ ಬೀಳದು. ಕೊನೆಗೆ ಬೆಟ್ಟದ ಬದಿಯ ಚರಂಡಿಗೆ ಗಾಡಿಯನ್ನು ನುಗ್ಗಿಸಿದೆವು. ನಮಗೆ ತರಚಿದ ಗಾಯ ಮಾತ್ರ. ಸಹೋದ್ಯೋಗಿಯ ಬಲ ಮುಂಗೈ ಮೂಳೆ ಮುರಿಯಿತು. ಎರಡು ತಿಂಗಳು ಅವರು ಕಪ್ಪುಹಲಗೆಯ ಮೇಲೆ ಎಡಗೈಯಲ್ಲಿ ಬರೆದರು. ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಪಕ್ಕದ ಕೊಠಡಿಯಿಂದ ಆ ವಕ್ರ ಅಕ್ಷರಗಳನ್ನು ಕಂಡಾಗಲೆಲ್ಲ ನಮಗೆ ತಲೆಯೆತ್ತಲಾಗುತ್ತಿರಲಿಲ್ಲ.

ಈಗ ಹುಡುಗನ ತಂದೆಯ ಮಾತಿಗೆ ಬರೋಣ. ಯೆಜ್ಡಿ, ರಾಜದೂತ್ ಮುಂತಾದವು ಎರಡು ಸ್ಟ್ರೋಕಿನ ಗಾಡಿಗಳು. ಅವುಗಳಲ್ಲಿ ಪಿಸ್ಟನ್ನಿಗೆ ಬೇಕಾದ ಎಣ್ಣೆ ಪೆಟ್ರೋಲಿನೊಡನೆಯೇ ಬೆರೆತು ಬರಬೇಕು. ಉದ್ದನೆಯ ಇಳಿಜಾರಿನಲ್ಲಿ ಆಕ್ಸಿಲರೇಟರ್ ಮುಚ್ಚಿ ಗೇರಿನಲ್ಲಿ ಇಳಿದರೆ, ಎಂಜಿನ್ನು ಜೋರಾಗಿ ತಿರುಗುತ್ತಿದ್ದರೂ ಪೆಟ್ರೋಲಿನ ಜೊತೆಗೆ ಎಣ್ಣೆಯೂ ಕಡಿಮೆಯಾಗಿ ಪಿಸ್ಟನ್ನು ಜಾಮ್ ಆಗುವ ಭಯವಿತ್ತು. ಬಲ್ಲವರು ಆಗಾಗ ಆಕ್ಸಿಲರೇಟರನ್ನು ತುಸು ತೆರೆದು ಎಣ್ಣೆ ಕುಡಿಸುತ್ತಿದ್ದರು. ಉಳಿದವರು ನ್ಯೂಟ್ರಲ್ಲೇ ಕ್ಷೇಮವೆಂದರು. ಮೇಲಾಗಿ ಎರಡು ಸ್ಟ್ರೋಕಿನ ಎಂಜಿನ್ನಿನ ತಡೆಯೂ ಅಷ್ಟಕ್ಕಷ್ಟೆ. ಇಂದಿನ ನಾಲ್ಕು ಸ್ಟ್ರೋಕಿನ ಗಾಡಿಯಲ್ಲಿ ಎಣ್ಣೆ ಪ್ರತ್ಯೇಕವಾಗಿ, ಎಂಜಿನ್ನಿನ ತಳದಲ್ಲಿಯೇ ಇರುತ್ತದೆ. ಗೇರಿನಲ್ಲಿ ಇಳಿದರೂ ಅದಕ್ಕೆ ಎಣ್ಣೆಯ ಕೊರತೆಯಿಲ್ಲ. ಗಾಡಿ ಬದಲಾಯಿತು, ತಂದೆಯಿಂದ ಮಗನಿಗೆ ಬಂದ ಉಪದೇಶ ಮಾತ್ರ ಬದಲಾಗಲಿಲ್ಲ.

ಪೆಟ್ರೋಲಿನ ಲೆಕ್ಕವೂ ತಲೆಕೆಳಗಾಗಿದೆ. 2020ರ ಏಪ್ರಿಲ್ 1ರಂದು ಬಿಎಸ್-6 ನಿಯಮ ಜಾರಿಗೆ ಬಂದ ಮೇಲಿನ ಬಹುಪಾಲು ಮೋಟಾರ್ ಸೈಕಲ್ಲುಗಳಲ್ಲಿ ಕಾರ್ಬುರೇಟರಿನ ಬದಲು ಫ್ಯೂಯೆಲ್ ಇಂಜೆಕ್ಷನ್ ಇದೆ. ಗೇರಿನಲ್ಲಿದ್ದು ಆಕ್ಸಿಲರೇಟರನ್ನು ಪೂರ್ತಿ ಬಿಟ್ಟರೆ ಇಂಥ ಎಂಜಿನ್ನು ಸಾಮಾನ್ಯವಾಗಿ ಪೆಟ್ರೋಲನ್ನೇ ತಡೆಹಿಡಿಯುತ್ತದೆ. ನ್ಯೂಟ್ರಲ್ಲಿನಲ್ಲಿ ಓಡುತ್ತಿದ್ದರೆ ಮಾತ್ರ ಆರದಿರಲು ಒಂದಿಷ್ಟು ಕುಡಿಯುತ್ತಲೇ ಇರುತ್ತದೆ. ಎಂಜಿನ್ನು ನಿಲ್ಲಿಸಿಯೇ ಇಳಿಯುತ್ತೇನೆಂದರೆ, ನಮ್ಮ ಚರಂಡಿಯ ಕಥೆಯನ್ನು ಮತ್ತೊಮ್ಮೆ ಓದಿಕೊಳ್ಳಬೇಕು.

ಹಾಗೆಂದು ಬ್ರೇಕನ್ನು ಮುಟ್ಟದೆ ಗೇರಿನಿಂದಲೇ ಗಾಡಿ ನಿಲ್ಲಿಸುವುದು ಜಾಣತನವಲ್ಲ. ತಾಳವಾಡಿಯ ಪೇಟೆಬೀದಿಯಂಥ ಮಟ್ಟಸವಾದ ದಾರಿಯಲ್ಲಿ ಹುಡುಗ ಹೇಳಿದ್ದೇ ಸರಿ: ನಿಲ್ಲಿಸುವ ಕೆಲಸ ಬ್ರೇಕಿನದು, ಗೇರು ಅದನ್ನು ಹಿಂಬಾಲಿಸಿ ಇಳಿದರೆ ಸಾಕು. ನಾಲ್ಕರಿಂದ ಒಮ್ಮೆಗೇ ಎರಡಕ್ಕೆ ತಂದು ಕ್ಲಚ್ಚನ್ನು ಪಟ್ಟನೆ ಬಿಟ್ಟರೆ ಹಿಂದಿನ ಚಕ್ರ ಹಿಡಿದುಕೊಂಡಂತಾಗಿ ಜಾರುತ್ತದೆ. ತಿರುವಿನ ನಡುವೆ, ಮಳೆಯಲ್ಲಿ, ಒದ್ದೆ ಎಲೆಗಳ ಮೇಲೆ ಹೀಗಾದರೆ ಬಿದ್ದಂತೆಯೇ. ಆದ್ದರಿಂದ ತಿರುವಿಗೆ ಮುಂಚೆ, ಗಾಡಿ ನೆಟ್ಟಗಿರುವಾಗಲೇ ಎರಡೂ ಬ್ರೇಕಿನಿಂದ ವೇಗ ತಗ್ಗಿಸಿ, ಒಂದೊಂದೇ ಗೇರು ಇಳಿಸಿ, ಕ್ಲಚ್ಚನ್ನು ಮೆಲ್ಲನೆ ಬಿಡಬೇಕು. ಬಿಡುವ ಮುನ್ನ ಆಕ್ಸಿಲರೇಟರನ್ನು ಕೂದಲೆಳೆಯಷ್ಟು ಕೊಟ್ಟರೆ ಜಗ್ಗುವುದಿಲ್ಲ. (ನಮ್ಮೂರಿನ ಅನೇಕ ಗಾಡಿಗಳಲ್ಲಿ ಗೇರು ಏರಿಸಲು ಮುಂಗಾಲಿನಿಂದ ಕೆಳಕ್ಕೆ ಒತ್ತಬೇಕು, ಇಳಿಸಲು ಹಿಮ್ಮಡಿಯಿಂದ. 'ಇಳಿಸು' ಎಂದೊಡನೆ ಮುಂಗಾಲನ್ನು ಒತ್ತುವ ಹೊಸಬರನ್ನು ಕಂಡಿದ್ದೇವೆ.) ಇನ್ನೊಂದು ವಿಷಯ: ಗೇರಿನಿಂದ ವೇಗ ತಗ್ಗಿದರೆ ಹಿಂದಿನ ಕೆಂಪು ದೀಪ ಉರಿಯುವುದಿಲ್ಲ. ದಿಂಬಂ ಮಂಜಿನಲ್ಲಿ ಹಿಂದೆ ಬರುವವನಿಗಾಗಿ ಪೆಡಲನ್ನು ಹಗುರವಾಗಿ ಮುಟ್ಟುತ್ತಿರಬೇಕು.

ಯಾವ ಗೇರು ಎಂದರೆ, ಲಾರಿಯವರ ಹಳೆಯ ಲೆಕ್ಕ ಮೋಟಾರ್ ಸೈಕಲ್ಲಿಗೂ ಒಪ್ಪುತ್ತದೆ. ಯಾವ ಗೇರಿನಲ್ಲಿ ಆ ಏರನ್ನು ಹತ್ತುವೆವೋ ಅದರಲ್ಲಿಯೇ ಇಳಿಯಬೇಕು. ಅದನ್ನು ನೆತ್ತಿಯಲ್ಲಿಯೇ ಹಾಕಿಕೊಳ್ಳಬೇಕು, ವೇಗ ಹಿಡಿದ ಮೇಲಲ್ಲ. ದಾರಿ ಕಿರಿದಾದ ಕಡೆ ಏರುವ ಗಾಡಿಗೆ ದಾರಿ ಬಿಡಬೇಕಾದವನು ಇಳಿಯುವವನೇ ಎಂಬುದು ಸಂಚಾರದ ನಿಯಮ. ಹಾಗೆ ಬಿಡಬೇಕಾದರೆ ಗಾಡಿ ಕೈಯಲ್ಲಿರಬೇಕಷ್ಟೆ. ಮದರಾಸು ಉಚ್ಚ ನ್ಯಾಯಾಲಯದ ಆಜ್ಞೆಯಂತೆ 2022ರ ಫೆಬ್ರವರಿಯಲ್ಲಿ ರಾತ್ರಿಯ ಸಂಚಾರಕ್ಕೆ ನಿರ್ಬಂಧ ಬಂದ ಮೇಲೆ, ಹೊತ್ತು ಮುಳುಗುವ ಮುನ್ನ ದಾಟುವ ಆತುರವೂ ಸೇರಿಕೊಂಡಿದೆ.

ಘಟ್ಟವಿಲ್ಲದ ಕಡೆಯೂ ನಮ್ಮವರು ಗೇರು ಇಳಿಸಿಕೊಂಡೇ ನಿಲ್ಲಬೇಕಾದ ಕಾರಣವೊಂದಿದೆ. 2013ರಲ್ಲಿ ಹುಲಿ ರಕ್ಷಿತಾರಣ್ಯವಾದ ಸತ್ಯಮಂಗಲದ ಕಾಡಿನ ನಡುವೆ, ಹಾಸನೂರಿನಿಂದ ಕಾರಪಳ್ಳದ ಕಡೆಗೆ ಕಬ್ಬಿನ ಲಾರಿ ಕಾಯುತ್ತ ಆನೆಗಳು ರಸ್ತೆಯಲ್ಲಿ ನಿಲ್ಲುವುದು ಎಲ್ಲರಿಗೂ ಗೊತ್ತು. ಕೆಲವು ವರ್ಷಗಳ ಹಿಂದೆ ಸಂಜೆ ಬರುತ್ತಿದ್ದಾಗ ತಿರುವಿನಾಚೆ ಹೆಣ್ಣಾನೆಯೊಂದು ಮರಿಯೊಡನೆ ನಿಂತಿತ್ತು. ನಮ್ಮ ಮುಂದಿದ್ದ ಯುವಕ ನಾಲ್ಕನೆಯ ಗೇರಿನಲ್ಲಿಯೇ ಬ್ರೇಕ್ ಹಾಕಿದ, ಎಂಜಿನ್ನು ಆರಿತು. ಗಾಡಿ ನಿಂತ ಮೇಲೆ ಪೆಟ್ಟಿಗೆಯೊಳಗಿನ ಹಲ್ಲುಗಳು ಒಂದಕ್ಕೊಂದು ಎದುರಾಗಿ ನಿಂತು ಗೇರು ಸಲೀಸಾಗಿ ಇಳಿಯುವುದಿಲ್ಲ; ಗಾಡಿಯನ್ನು ಹಿಂದಕ್ಕೂ ಮುಂದಕ್ಕೂ ಅಲುಗಿಸಿದರೆ ಮಾತ್ರ ಬೀಳುತ್ತದೆ. ಅವನು ಅಲುಗಿಸುತ್ತಿದ್ದ, ಆನೆ ಕಿವಿಯಗಲಿಸಿ ಎರಡು ಹೆಜ್ಜೆ ಇಟ್ಟಿತು. ಕಡೆಗೆ ಗಾಡಿಯನ್ನು ಅಲ್ಲಿಯೇ ಕೆಡವಿ ನಮ್ಮ ಕಡೆಗೆ ಓಡಿಬಂದ. ಆನೆ ಗಾಡಿಯನ್ನು ಮೂಸಿ, ಮರಿಯನ್ನು ಕರೆದುಕೊಂಡು ಕಾಡಿಗಿಳಿಯಿತು. ಎರಡನೆಯ ಗೇರಿನಲ್ಲಿ ನಿಧಾನಿಸಿ ಬಂದು ಮೊದಲನೆಯದರಲ್ಲಿ ನಿಂತಿದ್ದರೆ ಆರಾಮವಾಗಿ ಹಿಂದಿರುಗಬಹುದಾಗಿತ್ತು.

ಇಷ್ಟೆಲ್ಲ ಕೇಳಿದ ಮೇಲೆ ನಮ್ಮ ವಿದ್ಯಾರ್ಥಿ, "ಸರಿ ಮೇಷ್ಟ್ರೇ, ಅಕ್ಕಂದು ಗೇರಿಲ್ದ ಸ್ಕೂಟರು. ಮಗೂನ ಕೂರಿಸ್ಕೊಂಡು ಬಣ್ಣಾರಿ ಅಮ್ಮನ ಗುಡಿಗೆ ಹೋಗ್ತೀನಿ ಅಂತಾಳೆ. ಅವಳೇನು ಇಳಿಸ್ಬೇಕು?" ಎಂದ. ಅಂಥ ಸ್ಕೂಟರಿನಲ್ಲಿ ಎಂಜಿನ್ನಿನ ತಡೆ ಅಲ್ಪ, ವೇಗ ತೀರಾ ತಗ್ಗಿದರೆ ಅದೂ ಕಳಚಿಕೊಳ್ಳುತ್ತದೆ. ನೆತ್ತಿಯಿಂದಲೇ ನಿಧಾನವಾಗಿ, ಎರಡೂ ಬ್ರೇಕುಗಳನ್ನು ಹಿಡಿದು ಬಿಟ್ಟು ಇಳಿಯಬೇಕು. ಬ್ರೇಕು ಕಾದರೆ ನಿಂತು ತಣಿಸೋಣವೆಂದರೆ ಅದು ಕಾಡಾನೆಗಳ ದಾರಿ. ಅಕ್ಕನನ್ನು ಮಗುವಿನೊಡನೆ ಬಸ್ಸಿಗೆ ಹತ್ತಿಸು ಎಂದೆವು. ಮನಸ್ಸಿಲ್ಲದ ಮನಸ್ಸಿನಿಂದ ತಲೆಯಾಡಿಸಿ ಹೊಸ ಗಾಡಿಯನ್ನೇರಿದವನು, ಶಾಲೆಯ ಮುಂದಿನ ಸಣ್ಣ ಇಳಿಜಾರಿನಲ್ಲಿ, ನಾವು ನೋಡುತ್ತಿದ್ದೇವೆಂದೋ ಏನೋ, ಎರಡನೆಯ ಗೇರಿನಲ್ಲಿಯೇ ಇಳಿದು ಹೋದ.