ಲೇತಿನ ಬಿಸಿ, ಎರಡು ರಾಳ

ಚನ್ನಪಟ್ಟಣದ ಗೊಂಬೆಯ ಹೊಳಪು ಕುಂಚದಿಂದ ಬಂದದ್ದಲ್ಲ, ತಿಕ್ಕಾಟದಿಂದ ಬಂದದ್ದು. ಲೇತಿನಲ್ಲಿ ಗಿರಗಿರ ತಿರುಗುವ ಹಾಲೆ ಮರದ ತುಂಡಿಗೆ ಕುಶಲಕರ್ಮಿ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕಂಟುತ್ತದೆ. ಮೇಲೆ ತಾಳೆಗರಿ ಒತ್ತಿದರೆ ಪದರ ಸಮನಾಗಿ ಹರಡಿ ಮಿರುಗುತ್ತದೆ. ಅರಗು ಪುಟ್ಟ ಕೀಟವೊಂದು ಮರದ ರೆಂಬೆಯ ಮೇಲೆ ಸ್ರವಿಸುವ ರಾಳ. ಸುಮಾರು 75–80 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಕರಗುತ್ತದೆ, ತಣಿದರೆ ಮತ್ತೆ ಗಟ್ಟಿ.

ಅದೇ ಲೇತಿನಲ್ಲಿ ಮನೆಯಲ್ಲೇ ಎರಕ ಹೊಯ್ದ ಎಪಾಕ್ಸಿ ರೆಸಿನ್ನಿನ ತುಂಡನ್ನಿಟ್ಟು ಪೆನ್ನು ಕಡೆಯುವವರಿಗೆ ಈ ಬಿಸಿಯೇ ವೈರಿ. ರೆಸಿನ್ನಿಗೆ ಹಾರ್ಡನರ್ ಬೆರೆಸಿದಾಗ ಅದರ ಅಮೀನ್ ಅಣುಗಳು ಎಪಾಕ್ಸಿ ಉಂಗುರಗಳನ್ನು ಬಿಡಿಸಿ, ಒಂದಕ್ಕೊಂದು ಗಂಟು ಹಾಕಿ ಮೂರೂ ದಿಕ್ಕಿಗೆ ಬಲೆ ಹೆಣೆಯುತ್ತವೆ. ಆ ಬಲೆ ಮತ್ತೆ ಕರಗದು. ಆದರೆ ಕೋಣೆಯ ತಾಪದಲ್ಲೇ ಗಟ್ಟಿಯಾದ ಎಪಾಕ್ಸಿ ಸಾಮಾನ್ಯವಾಗಿ 50–60 ಡಿಗ್ರಿ ದಾಟಿದರೆ ಮೆತ್ತಗಾಗಿ ಉಳಿಗೆ ಮೆತ್ತಿಕೊಳ್ಳುತ್ತದೆ. ಆದ್ದರಿಂದ ಉಳಿ ಹರಿತವಾಗಿರಬೇಕು, ಸವರು ಹಗುರವಾಗಿರಬೇಕು, ಉಜ್ಜು ಕಾಗದ ಒದ್ದೆಯಾಗಿರಬೇಕು. ನನ್ನ ಲೆಕ್ಕದಲ್ಲಿ ಕಡೆಯುವುದಕ್ಕಿಂತ ಅಪಾಯದ ಘಟ್ಟ ಹಿತ್ತಾಳೆ ಕೊಳವೆ ಕೂರಿಸಲು ನಡುವೆ ತೂತು ಕೊರೆಯುವುದು: ಅಲ್ಲಿ ಹುಟ್ಟಿದ ಬಿಸಿಗೆ ಹೊರಬರಲು ದಾರಿಯೇ ಇಲ್ಲ. ಡ್ರಿಲ್ಲನ್ನು ಆಗಾಗ ಹೊರಗೆಳೆದು ತಣಿಸಬೇಕು.

ಬಿಸಿಯ ಕಾಟ ಎರಕದಲ್ಲೇ ಶುರು. ಬಲೆ ಹೆಣೆಯುವಾಗ ಶಾಖ ಹೊಮ್ಮುತ್ತದೆ. ಶಾಖ ಏರಿದಷ್ಟೂ ಹೆಣಿಗೆಯ ವೇಗ ಹೆಚ್ಚುತ್ತದೆ. ಕಿರಿದಾದ ಪೆನ್ನಿನ ಅಚ್ಚಿನಲ್ಲಿ ಶಾಖ ಆರಿಹೋಗುತ್ತದೆ. ಅಷ್ಟೇ ದ್ರವವನ್ನು ಲೋಟದಲ್ಲಿ ಬಿಟ್ಟರೆ ಹೊಗೆಯೇ ಏಳಬಹುದು. ತಾಪ 10 ಡಿಗ್ರಿ ಏರಿದರೆ ಇಂಥ ಕ್ರಿಯೆಯ ವೇಗ ಸ್ಥೂಲವಾಗಿ ಇಮ್ಮಡಿಯಾಗುವುದರಿಂದ, ದಾವಣಗೆರೆ ಜಿಲ್ಲೆಯ ಚನ್ನಗಿರಿ, ಜಗಳೂರಿನ ಬೇಸಿಗೆಯಲ್ಲಿ ಎರಕಕ್ಕೆ ಬೆಳಗಿನ ಜಾವವೇ ಲೇಸು.

ಗುಳ್ಳೆಗಳ ಕಥೆ ಬೇರೆ. ಕಲಕುವಾಗ ಸೇರಿದ ಗಾಳಿಯನ್ನು ಹೊರಗಟ್ಟುವ ಬದಲು ಅದುಮಿಬಿಡುವುದು ರೂಢಿ. ಒತ್ತಡದ ಪಾತ್ರೆಯಲ್ಲಿ ವಾತಾವರಣದ ನಾಲ್ಕರಷ್ಟು ಒತ್ತಡವಿದ್ದರೆ, ಬಾಯ್ಲ್ ನಿಯಮದಂತೆ ಗುಳ್ಳೆಯ ಗಾತ್ರ ಕಾಲುಭಾಗಕ್ಕಿಳಿಯುತ್ತದೆ. ವ್ಯಾಸ ಮಾತ್ರ ಶೇಕಡಾ 63ಕ್ಕಷ್ಟೇ ಇಳಿದಿರುತ್ತದೆ! ಒತ್ತಡಕ್ಕೆ ಗಾಳಿಯ ಒಂದು ಪಾಲು ರೆಸಿನ್ನಿನಲ್ಲೇ ಕರಗುವುದೂ ನೆರವಾಗುತ್ತದೆ. ಗಟ್ಟಿಯಾಗುವವರೆಗೆ ಒತ್ತಡ ಬಿಡುವಂತಿಲ್ಲ. ಅಡುಗೆಮನೆಯ ಕುಕ್ಕರ್ ಸಾಲದೇ ಎಂದರೆ, ಸಾಲದು: ಅದರ ವಿಶಲ್ ಹೊರಗಿನ ಒತ್ತಡಕ್ಕಿಂತ ಸುಮಾರು ಒಂದು ವಾತಾವರಣದಷ್ಟು ಹೆಚ್ಚಾದಾಗಲೇ ಕೂಗುತ್ತದೆ. ಅದನ್ನೂ ಮೀರಿ ಗಾಳಿ ತುಂಬಿದರೆ ಸಿಡಿಯುವ ಭಯ.

ಒಳಗೆ ಏನನ್ನು ಹುದುಗಿಸುವುದು? ಹೊರದೇಶಗಳಲ್ಲಿ ಪೈನ್ ಕಾಯಿಯ ಹೋಳು ಬಳಸುತ್ತಾರೆ. ಅಡಿಕೆ ಬೆಳೆಯುವ ಚನ್ನಗಿರಿಯವರಿಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಅಡಿಕೆಯನ್ನು ಅಡ್ಡ ಕೊಯ್ದರೆ ಬಿಳುಪಿನ ನಡುವೆ ಕಂದು ಗೆರೆಗಳು ಅಮೃತಶಿಲೆಯಂತೆ ಹರಿದಿರುತ್ತವೆ. ಆದರೆ ತೇವ ಉಳಿದಿದ್ದರೆ ಸುತ್ತಲಿನ ರೆಸಿನ್ ಮಬ್ಬಾಗುತ್ತದೆ, ರಂಧ್ರದ ಗಾಳಿ ಗುಳ್ಳೆಯಾಗುತ್ತದೆ. ಹೋಳನ್ನು ಚೆನ್ನಾಗಿ ಒಣಗಿಸಿ, ತೆಳ್ಳಗೆ ಒಂದು ಲೇಪ ಕೊಟ್ಟು, ಅದು ಗಟ್ಟಿಯಾದ ಮೇಲೆ ಅಚ್ಚಿಗಿಡಬೇಕು. ಕೈಗವಸು ಮರೆಯಬಾರದು, ಹಾರ್ಡನರ್ ಪದೇಪದೇ ತಾಗಿದರೆ ಚರ್ಮಕ್ಕೆ ಅಲರ್ಜಿ ಅಂಟಿಕೊಳ್ಳಬಹುದು.