ಪೆರಂಬೂರಿನ ಸ್ಪ್ರಿಂಗು ಮತ್ತು ಒಂಬತ್ತು ತೂತು

ಬೆಂಗಳೂರಿನಿಂದ ಚೆನ್ನೈಗೆ ಹೋಗುವ ರೈಲು ಊರು ಮುಟ್ಟುವ ಮುನ್ನ ಪೆರಂಬೂರನ್ನು ಹಾಯುತ್ತದೆ. ಆ ಹೊತ್ತಿಗೆ ನಾವೆಲ್ಲ ಬ್ಯಾಗು ಇಳಿಸಿಕೊಳ್ಳುವ ಗಡಿಬಿಡಿಯಲ್ಲಿರುತ್ತೇವೆ. ನಾವು ಕೂತು ಬಂದ ಡಬ್ಬಿಯ ತವರೂ ಅದೇ ಇರಬಹುದು. 1955ರ ಅಕ್ಟೋಬರ್ 2ರಂದು ಪ್ರಧಾನಿ ನೆಹರೂ ಅಲ್ಲಿ ಇಂಟೆಗ್ರಲ್ ಕೋಚ್ ಫ್ಯಾಕ್ಟರಿಯನ್ನು ಉದ್ಘಾಟಿಸಿದರು. ಡಬ್ಬಿಯ ಮೂಲ ವಿನ್ಯಾಸ ಸ್ವಿಟ್ಜರ್ಲೆಂಡಿನ ಷ್ಲೀರೆನ್ ಕಂಪನಿಯದು.

ನಾವು ‘ಬೋಗಿ’ ಎನ್ನುವುದು ಜನ ಕೂರುವ ಡಬ್ಬಿಗೆ. ಕಾರ್ಖಾನೆಯಲ್ಲಿ ಬೋಗಿ ಎಂದರೆ ಅದರ ಅಡಿಯಲ್ಲಿರುವ ನಾಲ್ಕು ಗಾಲಿಯ ಗಾಡಿ. ಡಬ್ಬಿಯೊಂದಕ್ಕೆ ಇಂಥವು ಎರಡು. ಪ್ರಯಾಣದ ಸುಖದುಃಖವೆಲ್ಲ ಇರುವುದು ಇಲ್ಲೇ.

ಪ್ರತಿ ಗಾಲಿಯ ಪಕ್ಕ, ಅಚ್ಚಿನ ತುದಿಯನ್ನು ಹಿಡಿದಿರುವ ಆಕ್ಸಲ್ ಬಾಕ್ಸಿನ ಎರಡು ರೆಕ್ಕೆಗಳ ಮೇಲೆ ಎರಡು ಸುರುಳಿ ಸ್ಪ್ರಿಂಗ್. ಡಬ್ಬಿಗೆ ಒಟ್ಟು 16. ಆದರೆ ಬರೀ ಸ್ಪ್ರಿಂಗನ್ನು ನಂಬಿದರೆ ಕೆಲಸ ಕೆಟ್ಟಿತು. ಅದು ಏಟನ್ನು ನುಂಗುತ್ತದೆ, ಮರುಕ್ಷಣವೇ ಹಿಂದಿರುಗಿಸುತ್ತದೆ. ಒಂದು ಹಳಿಯ ಜೋಡಣೆ ದಾಟಿದ ಮೇಲೆ ಡಬ್ಬಿ ಕುಣಿಯುತ್ತಲೇ ಇರುತ್ತದೆ. ಅದಕ್ಕೇ ಪ್ರತಿ ಸ್ಪ್ರಿಂಗಿನ ಹೊಟ್ಟೆಯೊಳಗೆ ಎಣ್ಣೆ ತುಂಬಿದ ಒಂದು ಪಾತ್ರೆ ಇಟ್ಟಿದ್ದಾರೆ: ಡ್ಯಾಷ್‌ಪಾಟ್. ಮೇಲಿನ ಚೌಕಟ್ಟಿನಿಂದ ಇಳಿಬಿದ್ದ ಉಕ್ಕಿನ ಕೊಳವೆ ಆ ಎಣ್ಣೆಯಲ್ಲಿ ಮುಳುಗಿ ಏಳುತ್ತದೆ. ಕೊಳವೆಯ ತುದಿಯ ಮುಚ್ಚಳದಲ್ಲಿ 5 ಮಿಲಿಮೀಟರ್ ಅಗಲದ ಒಂಬತ್ತು ತೂತು. ಡಬ್ಬಿ ಕುಲುಕಿದಾಗಲೆಲ್ಲ ಎಣ್ಣೆ ಆ ತೂತುಗಳಲ್ಲಿ ನುಸುಳಿ ಹೋಗಬೇಕು. ಸೈಕಲ್ ಪಂಪಿನ ಬಾಯಿಗೆ ಬೆರಳಿಟ್ಟು ಹಿಡಿಕೆ ಒತ್ತಿ ನೋಡಿ, ಆ ತಡೆ ಕೈಗೇ ತಿಳಿಯುತ್ತದೆ. ಕುಣಿತದ ಶಕ್ತಿ ಎಣ್ಣೆಯ ಬಿಸಿಯಾಗಿ ಕರಗಿಹೋಗುತ್ತದೆ. ಇಷ್ಟು ಸರಳ ಉಪಾಯ ಇಷ್ಟು ದಶಕ ಕೋಟ್ಯಂತರ ಜನರನ್ನು ಹೊತ್ತಿತಲ್ಲ ಎಂದು ನನಗೆ ಈಗಲೂ ಬೆರಗು.

ಇದರಲ್ಲಿ ಮೊದಲು ಸೋಲುವುದು ಉಕ್ಕಲ್ಲ. ಎಣ್ಣೆ ಸೋರದಂತೆ ಹಿಡಿದಿಡುವ ರಬ್ಬರ್ ಉಂಗುರ, ಕೊಳವೆ ಅಲುಗದಂತೆ ಕಾಯುವ ಬುಷ್, ಬೋಗಿಯ ಭಾಗಗಳನ್ನು ಜೋಡಿಸುವ ಆಂಕರ್ ಲಿಂಕಿನ ಎರಡು ತುದಿಗಳ ‘ಸೈಲೆಂಟ್ ಬ್ಲಾಕ್’ ಎಂಬ ರಬ್ಬರ್ ತುಂಡುಗಳು, ಇವೇ ಮೊದಲು ಸವೆಯುತ್ತವೆ. ಒಂದು ಕಾಲಕ್ಕೆ ಮುಂಬೈಯ ಪ್ರೀಮಿಯರ್ ಕಾರ್ಖಾನೆ ಜೋಡಿಸುತ್ತಿದ್ದ ಡಾಡ್ಜ್, ಪ್ಲಿಮತ್‌ನಂಥ ಹಳೆಯ ಅಮೆರಿಕನ್ ಕಾರುಗಳನ್ನು ಮತ್ತೆ ರಸ್ತೆಗಿಳಿಸುವವರಿಗೂ ಇದು ಗೊತ್ತು. ಮುಂದಿನ ಚಕ್ರದ ಮೇಲಿನ ತೋಳು, ಕೆಳಗಿನ ತೋಳು ಗಟ್ಟಿಯಾಗಿಯೇ ಉಳಿದಿರುತ್ತವೆ. ಅವುಗಳ ಬುಡದ ಬುಷ್ ಮಾತ್ರ ಒಣಗಿ ಬಿರಿದಿರುತ್ತದೆ. ಬಣ್ಣ ಬಳಿಯುವುದಕ್ಕೆ ಮೊದಲು ಬುಷ್ ಬದಲಿಸಿ ಎನ್ನುವ ಮೆಕ್ಯಾನಿಕ್ಕೇ ನಿಜವಾದ ಕಸುಬುದಾರ.

ರೈಲಿನ ಸ್ಪ್ರಿಂಗ್ ಬದಲಿಸುವಲ್ಲಿಯೂ ಒಂದು ನಾಜೂಕಿದೆ. ಪ್ರತಿ ಸ್ಪ್ರಿಂಗಿನ ಮೇಲೆ ಭಾರ ಹೇರಿ ಎತ್ತರ ಅಳೆದು ಎ, ಬಿ, ಸಿ ಎಂದು ಮೂರು ಗುಂಪು ಮಾಡಿ, ಹಳದಿ, ನೀಲಿ, ಹಸಿರು ಗುರುತು ಹಾಕುತ್ತಾರೆ. ಗುಂಪು ಬೆರೆಸುವಂತಿಲ್ಲ. ಬೆರೆಸಿದರೆ ಒಂದು ಗಾಲಿಗೆ ಭಾರ ಹೆಚ್ಚು, ಇನ್ನೊಂದಕ್ಕೆ ಕಡಿಮೆ.

ಈಗಿನ ಎಲ್‌ಎಚ್‌ಬಿ ಎಂಬ ಹೊಸ ಮಾದರಿಯ ಡಬ್ಬಿಗಳ ಅಡಿಯಲ್ಲಿರುವುದು ಫಿಯಟ್ ಬೋಗಿ, ಗಂಟೆಗೆ 160 ಕಿಲೋಮೀಟರ್ ವೇಗಕ್ಕೆ ತಕ್ಕದ್ದು. ಅಲ್ಲಿ ಎಣ್ಣೆಯ ಪಾತ್ರೆ ಸ್ಪ್ರಿಂಗಿನ ಹೊಟ್ಟೆಯಿಂದ ಹೊರಬಂದು ಬೇರೆಯೇ ಡ್ಯಾಂಪರ್ ಆಗಿದೆ. ಗಾಲಿಯನ್ನು ಚೌಕಟ್ಟಿಗೆ ಹಿಡಿದಿರುವುದು ಕಾರಿನಲ್ಲಿರುವಂಥದೇ ಒಂದು ಕಂಟ್ರೋಲ್ ಆರ್ಮ್, ಅದರ ಕೀಲಿನಲ್ಲಿ ಮತ್ತೆ ರಬ್ಬರ್.

ಹಳೆಯ ಮಾದರಿಯ ಕೊನೆಯ ಡಬ್ಬಿ ಪೆರಂಬೂರಿನಿಂದ ಹೊರಟದ್ದು 2018ರ ಜನವರಿ 19ರಂದು. ಅದರ ಒಡಹುಟ್ಟಿದ ಎಷ್ಟೋ ಡಬ್ಬಿಗಳು ಇನ್ನೂ ದುಡಿಯುತ್ತಿವೆ. ಎದುರಿನ ಹಳಿಯಲ್ಲಿ ಅಂಥದೊಂದು ನೀಲಿ ಡಬ್ಬಿ ನಿಂತರೆ ಸ್ವಲ್ಪ ಬಗ್ಗಿ ಗಾಲಿಯ ಅಕ್ಕಪಕ್ಕ ನೋಡಿ. ಆ ಎರಡು ಸ್ಪ್ರಿಂಗುಗಳೊಳಗೆ ಎಣ್ಣೆ ಇದೆ.